ಉಸ್ತಾದರ ಟ್ರಾಯಲ್

ಬುಕ್ ಆಯಿತು! ನಮ್ಮ ಭಾಗಿಯ ಗಾಡಿ ಬುಕ್ ಆಯಿತು! ಡೀಸೆಲ್ ಬೇಡದ, ಹೊಗೆ ಬಿಡದ, ಮೊಬೈಲಿನ ಹಾಗೆ ಚಾರ್ಜಿಗೆ ಹಚ್ಚಿಟ್ಟು ಬೆಳಗಾದರೆ ಬಿಟ್ಟುಕೊಂಡು ಹೋಗುವ ಹೊಸ ಕರೆಂಟಿನ ಟ್ರಕ್ಕು. ನನ್ನ ಮೊಮ್ಮಗಳ ಹೆಸರಿಗೆ, ನಿನ್ನೆ ಮಧ್ಯಾಹ್ನ, ಹತ್ತರಗಿಯ ಹೆದ್ದಾರಿ ಬದಿಯ ಶೋರೂಮಿನಲ್ಲಿ, ನನ್ನ ಕಣ್ಣೆದುರಿಗೇ ಬುಕ್ ಆಯಿತು. ಮಸಗುಪ್ಪಿಯ ಬಸ್ ಸ್ಟ್ಯಾಂಡಿನಿಂದ ನಮ್ಮ ಓಣಿಯ ತನಕ ಯಾರು ಸಿಕ್ಕರೂ ಹೇಳಿದ್ದೇನೆ. ಕೇಳದವರಿಗೂ ನಿಲ್ಲಿಸಿ ಹೇಳಿದ್ದೇನೆ. ಹಿಟ್ಟಿನ ಗಿರಣಿಯವನಿಗೆ ಎರಡು ಸಲ ಹೇಳಿದೆ. ಗಿರಣಿಯ ಸದ್ದಿನಲ್ಲಿ ಮೊದಲ ಸಲ ಅವನಿಗೆ ಕೇಳಿಸಿರಲಿಕ್ಕಿಲ್ಲ. ಇನ್ನು ಉಳಿದವರು ನೀವು. ಅದಕ್ಕೇ ಬರೆಯಲು ಕುಳಿತೆ. ಸಾಲಿ ನಾಲ್ಕನೇ ಇಯತ್ತೆಗೇ ಬಿಟ್ಟವಳು ನಾನು, ಅಕ್ಷರ ಅಲ್ಲಲ್ಲಿ ಕಾಲು ಚಾಚಿದ್ದರೆ ದಾಟಿಕೊಂಡು ಓದಿ.

ಒಂದೇ ಒಂದು ಮಾತು ಇದೆ. ಈ ಗಾಡಿಯನ್ನು ನಮ್ಮ ಭಾಗಿ ಓಡಿಸಿ ನೋಡದೆ ಬುಕ್ ಮಾಡಿದಳು. ಒಂದು ಗಜವೂ ಓಡಿಸಿಲ್ಲ. ಇದನ್ನು ಬರೆಯುವಾಗ ನನಗೆ ನಗುವೂ ಬರುತ್ತಿದೆ, ಹಿತ್ತಿಲ ಗೋಡೆಯ ಆಚೆಯಿಂದ ಯಾರೋ ಗದರಿಸುತ್ತಾರೆಂಬ ಹೆದರಿಕೆಯೂ ಆಗುತ್ತಿದೆ. ಆ ಗೋಡೆಯ ಆಚೆ ಉಸ್ತಾದರು ಇದ್ದರು. ಹೋದ ವರ್ಷ ತೀರಿಕೊಂಡರು. ಈ ಭೂಮಿಯ ಮೇಲೆ ಟ್ರಾಯಲ್ ನೋಡದೆ ಒಂದು ಬೆಂಕಿಪೊಟ್ಟಣವನ್ನೂ ತಗೊಳ್ಳದ ಮನುಷ್ಯ ಯಾರಾದರೂ ಇದ್ದಿದ್ದರೆ ಅವರೇ.

ಉಸ್ತಾದ್ ಎಂದರೆ ಲಾರಿಯವರ ಮಾತಿನಲ್ಲಿ ಹಿರಿಯ ಡ್ರೈವರು. ಅವರ ಹುಟ್ಟುಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ನಮ್ಮೂರಿನಲ್ಲಿ ಯಾರಿಗೂ ಗುರುತು ಹತ್ತಲಿಕ್ಕಿಲ್ಲ. ಹೆಂಡತಿಯೂ ‘ಉಸ್ತಾದ್ರು ಉಂಡ್ರು, ಉಸ್ತಾದ್ರು ಮಲಗ್ಯಾರ’ ಎಂದೇ ಹೇಳುತ್ತಿದ್ದಳು. ಆಕೆ ನನಗೆ ಯಕ್ಕ. ಹಿತ್ತಿಲ ಗೋಡೆಯ ಮೇಲೆ ಪಲ್ಯದ ಬಟ್ಟಲು ಅತ್ತಿಂದಿತ್ತ ದಾಟಿಸುತ್ತಲೇ ಇಬ್ಬರೂ ಮುದುಕಿಯರಾದೆವು. ಉಸ್ತಾದರು ಘಟಪ್ರಭಾ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಿಂದ ಗೊಬ್ಬರದ ಚೀಲ ಹೇರಿಕೊಂಡು ಸುತ್ತಲಿನ ಊರಿಗೆಲ್ಲ ಲಾರಿ ಓಡಿಸಿದವರು. ವರ್ಷಗಟ್ಟಲೆ ಕಿಟಕಿಯ ಹೊರಗೆ ಚಾಚಿದ್ದಕ್ಕೆ ಬಲಗೈ ಕರೀಕಂಬಳಿಯ ಬಣ್ಣ, ಎಡಗೈ ಮಾತ್ರ ಬೆಳ್ಳಗೆ. ಕೈ ಮುಗಿದು ನಿಂತರೆ ಇಬ್ಬರು ಬೇರೆ ಬೇರೆ ಮನುಷ್ಯರು ಕೈ ಕೂಡಿಸಿದ ಹಾಗೆ ಕಾಣುತ್ತಿತ್ತು.

ಆ ಕರಿ ಕೈಯ ನಡುಬೆರಳಿನ ಗಿಣ್ಣಿಗೆ ಬಿಡುವೇ ಇರಲಿಲ್ಲ. ಕಲ್ಲಂಗಡಿ, ಟೈರು, ಹೊಸ ಬಾಗಿಲು, ಕೊಡ, ಓಣಿಯ ಮಕ್ಕಳ ತಲೆ, ಏನು ಎದುರಿಗೆ ಬಂದರೂ ಟಕ್ ಟಕ್ ಎಂದು ಬಾರಿಸುವುದು. ಕಣ್ಣು ಮುಚ್ಚಿ ಕಿವಿ ಕೊಡುವುದು. ಆಮೇಲೆ ಮೀಸೆಯ ಒಳಗಿನಿಂದ ತೀರ್ಪು: “ಹೂಂ, ನಡೀತೈತಿ.” ಅವರ ಕಡೆಯಿಂದ ಸಿಗುವ ದೊಡ್ಡ ಬಹುಮಾನ ಅದೇ. ‘ಚಲೋ ಐತಿ’ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಲಿಲ್ಲ, ಯಕ್ಕನೂ ಕೇಳಲಿಲ್ಲ. ಆಕೆ ಎಣ್ಣೆಗಾಯಿ ಮಾಡಿದ ದಿನ ಅದರ ವಾಸನೆಗೆ ನಮ್ಮ ಮನೆಯವರೆಲ್ಲ ಗೋಡೆಯ ಹತ್ತಿರ ಬಂದು ನಿಲ್ಲುತ್ತಿದ್ದರು. ಉಸ್ತಾದರು ತಾಟು ಒರೆಸಿ ತಿಂದು, ಕೈ ತೊಳೆದು, “ಹೂಂ, ನಡೀತೈತಿ” ಎನ್ನುತ್ತಿದ್ದರು. ಯಕ್ಕ ಗೋಡೆಯ ಮೇಲಿನಿಂದ ನನ್ನನ್ನು ನೋಡಿ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಗೋಕಾಕ ಪೇಟೆಯಲ್ಲಿ ಅವರು ಚಪ್ಪಲಿ ತಗೊಳ್ಳುವ ರೀತಿಯೇ ಬೇರೆ. ಒಂದು ಕಾಲಿಗೆ ಹೊಸದು, ಒಂದು ಕಾಲಿಗೆ ಹಳೆಯದು ಹಾಕಿಕೊಂಡು, ಹೆಗಲ ಮೇಲಿನ ಟವೆಲನ್ನು ಅಂಗಡಿಯವನ ಹತ್ತಿರ ಒತ್ತೆ ಇಟ್ಟು, ಹೊಳೆಯ ಸೇತುವೆಯ ತನಕ ನಡೆದು ಬರುವುದು. ಎರಡೂ ಕಾಲಿಗೆ ಹೊಸದನ್ನೇ ಹಾಕಿದರೆ ವ್ಯತ್ಯಾಸ ಹೇಗೆ ತಿಳಿಯಬೇಕು ಎಂದು ಅವರ ವಾದ. ದಾರಿಯಲ್ಲಿ ಯಾರಾದರೂ, “ಉಸ್ತಾದ್ರ, ಕಾಲಾಗ ಜೋಡಿ ತಪ್ಪೈತಿ ನೋಡ್ರಿ” ಎಂದರೆ, “ತಪ್ಪಿಲ್ಲಪಾ, ಇದು ಟ್ರಾಯಲ್ ಐತಿ” ಎಂದು ಮುಂದೆ ನಡೆಯುತ್ತಿದ್ದರು.

ಘಟಪ್ರಭಾದಲ್ಲಿ ಮಂಚ ತಗೊಳ್ಳಲು ಹೋದಾಗ ಅದರ ಮೇಲೆ ಮಲಗಿ ನೋಡುತ್ತೇನೆಂದರು. ಅಂಗಡಿಯವನು ಮಲಗ್ರಿ ಎಂದ. ಇವರು ನಿದ್ದೆಯನ್ನೇ ಮಾಡಿದರು. ಗೊರಕೆ ಹೊಡೆಯುವ ಗಿರಾಕಿಯನ್ನು ಎಬ್ಬಿಸಲು ಮನಸ್ಸಾಗದೆ ಅಂಗಡಿಯವನು ಶಟರ್ ಅರ್ಧ ಎಳೆದು ಊಟಕ್ಕೆ ಹೋದ. ತಿರುಗಿ ಬಂದಾಗ ಇವರು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರಂತೆ. “ಮಂಚ ನಡೀತೈತಿ. ನಿನ್ನ ಅಂಗಡ್ಯಾಗ ಗುಂಗಾಡ ಭಾಳ ಅದಾವು” ಎಂದರಂತೆ. ಗುಂಗಾಡ ಎಂದರೆ ಸೊಳ್ಳೆ. ಆ ಮಂಚ ಈಗಲೂ ಯಕ್ಕನ ಮನೆಯಲ್ಲಿದೆ, ಕಿರ್ ಎನ್ನುವುದಿಲ್ಲ.

ಇನ್ನು ಕರದಂಟಿನ ವಿಷಯ. ಪೇಟೆಯ ಈ ತುದಿಯ ಅಂಗಡಿಯಿಂದ ಆ ತುದಿಯ ತನಕ ಒಂದೊಂದು ಚೂರು ಕೇಳಿ ತಿನ್ನುತ್ತ ಹೋಗುತ್ತಿದ್ದರು. ಒಂದು ಕಡೆ ಅಂಟು ಕಡಿಮೆ, ಇನ್ನೊಂದು ಕಡೆ ಬೆಲ್ಲ ಹೆಚ್ಚು. ಕಡೆಯ ಅಂಗಡಿ ಮುಟ್ಟುವುದರೊಳಗೆ ಹೊಟ್ಟೆ ತುಂಬಿ, ಇನ್ನು ಸಿಹಿಯೇ ಬೇಡ ಎಂದು ಬರಿಗೈಯಲ್ಲಿ ಮನೆಗೆ ಬರುವುದು. ಯಕ್ಕನ ಪಾಲಿಗೆ ಗೋಕಾಕದ ಕರದಂಟು ಗಂಡನ ಮೀಸೆಯಲ್ಲಿ ಅಂಟಿಕೊಂಡು ಬಂದದ್ದಷ್ಟೇ.

ಮಗಳಿಗೆ ಗಂಡು ನೋಡಿದ್ದು ಕೇಳಿ. ಹುಡುಗನನ್ನು ಲಾರಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಹುಕ್ಕೇರಿಯ ತನಕ ಹೋಗಿ ಬಂದರು. ಪಾಪ, ಅವನಿಗೆ ಲಾರಿಯ ವಾಸನೆ ಆಗಿಬರುವುದಿಲ್ಲ, ದಾರಿಯುದ್ದಕ್ಕೂ ವಾಂತಿ. ಹೊರಗೆ ಜಿಟಿಜಿಟಿ ಮಳೆ, ಲಾರಿಯ ವೈಪರ್ ಕೆಟ್ಟಿತ್ತು. ಹುಡುಗ ಒಂದು ಕಡೆ ತಲೆ ಹಾಕಿ ವಾಂತಿ ಮಾಡುವುದು, ತಿರುಗಿ ಕೈ ಹೊರಹಾಕಿ ಮುಂದಿನ ಗಾಜು ಒರೆಸುವುದು. ಸಂಬಂಧ ಮುರಿಯಿತೆಂದೇ ನಾವು ತಿಳಿದಿದ್ದೆವು. ಉಸ್ತಾದರು ಇಳಿದವರೇ ಯಕ್ಕನಿಗೆ, “ಹೊಟ್ಟಿ ನಡ್ಯಾಂಗಿಲ್ಲ, ಹುಡುಗ ನಡೀತಾನ. ವಾಂತಿ ಮಾಡ್ಕೋತ ಗ್ಲಾಸ್ ಒರಸೋದು ಬಿಡಲಿಲ್ಲ” ಎಂದರು. ಮದುವೆಯಾಯಿತು. ಅಳಿಯ ಈಗಲೂ ಮಾವನ ಮನೆಗೆ ಬರುವಾಗ ರೈಲಿನಲ್ಲೇ ಬರುತ್ತಾನೆ.

ಇಷ್ಟೆಲ್ಲ ಟ್ರಾಯಲ್ ನೋಡಿದವರು ಮೋಸ ಹೋಗಲಿಲ್ಲವೇ ಎಂದು ಕೇಳಿದರೆ, ಎಮ್ಮೆಯ ಕಥೆ ಇದೆ. ಮೂಡಲಗಿಯ ಹತ್ತಿರದ ತೋಟವೊಂದಕ್ಕೆ ಎಮ್ಮೆ ನೋಡಲು ಹೋದರು. ಸಂಜೆ ಹಿಂಡಿಸಿದರು, ಅಲ್ಲೇ ಉಳಿದು ಮರುದಿನ ಬೆಳಿಗ್ಗೆಯೂ ಹಿಂಡಿಸಿದರು. ಹಾಲು ಕುಡಿದರು, ಕೋಡಿನ ಮೇಲೆ ಟಕ್ ಟಕ್ ಬಾರಿಸಿದರು, ಹೊಡೆದುಕೊಂಡು ಬಂದರು. ನಮ್ಮೂರಿಗೆ ಬಂದ ಎಮ್ಮೆ ಒಂದು ಹನಿ ಕೊಡಲಿಲ್ಲ. ಯಕ್ಕ ಮೈ ತಿಕ್ಕಿದಳು, ತಿನ್ನಲು ಹಿಂಡಿ ಇಟ್ಟಳು, ಕೈ ಮುಗಿದಳು. ಒದೆಯಿತು. ಕಡೆಗೆ ತಿಳಿಯಿತು, ಅಲ್ಲಿ ಅದನ್ನು ಹಿಂಡುತ್ತಿದ್ದವಳು ಆ ಮನೆಯ ಹೆಂಗಸು. ಎಮ್ಮೆಗೆ ಆಕೆಯ ಸೀರೆಯ ವಾಸನೆ ಬೇಕು. ಉಸ್ತಾದರು ತಿರುಗಿ ಹೋಗಿ, ಇನ್ನೊಬ್ಬರ ಮನೆಯ ಬಾಗಿಲಲ್ಲಿ ನಿಂತು, “ಅವ್ವಾರ, ನಿಮ್ಮದೊಂದು ಹಳೇ ಸೀರಿ ಕೊಡ್ರಿ” ಎಂದು ಕೇಳಬೇಕಾಯಿತು. ಆ ಮನೆಯ ಗಂಡಸು ಬಡಿಗೆ ಹುಡುಕಿದನಂತೆ. ಆಮೇಲೆ ಎಷ್ಟೋ ದಿನ ಯಕ್ಕ ಎರಡು ಹೊತ್ತೂ ಯಾರದೋ ಹಸಿರು ಸೀರೆ ಸುತ್ತಿಕೊಂಡು ಎಮ್ಮೆಯ ಕೆಳಗೆ ಕೂರುತ್ತಿದ್ದಳು. ನಾನು ಗೋಡೆಯ ಮೇಲಿನಿಂದ, “ಯಾರವಾ ನೀ, ಹೊಸಬಳು?” ಎಂದು ಕೇಳಿ ಬೈಸಿಕೊಳ್ಳುತ್ತಿದ್ದೆ.

ಲಾರಿ ಬಿಟ್ಟ ಮೇಲೆ ಉಸ್ತಾದರು ಒಂದು ಹಳೆಯ ಟೆಂಪೋ ಇಟ್ಟುಕೊಂಡರು. ನಮ್ಮ ಭಾಗಿ ಆ ಟೆಂಪೋಕ್ಕೆ ಅಂಟಿಕೊಂಡೇ ಬೆಳೆದವಳು. ಅವಳಿಗೆ ಅವರು ಮುತ್ಯಾ, ಅಂದರೆ ಅಜ್ಜ. ಡ್ರೈವಿಂಗ್ ಕಲಿಸು ಮುತ್ಯಾ ಎಂದು ಬೆನ್ನು ಹತ್ತಿದಳು. ಕಲಿಸಿದರು. ಆದರೆ ಮೊದಲು ಸ್ಟೇರಿಂಗ್ ಕೊಡಲಿಲ್ಲ. ಹಿಂದೆ ಬದನೆಕಾಯಿಯ ಬುಟ್ಟಿಗಳ ನಡುವೆ ಕೂರಿಸಿ ಗೋಕಾಕದ ತನಕ ಕರೆದುಕೊಂಡು ಹೋದರು. ನಮ್ಮ ರಸ್ತೆ ನಿಮಗೆ ಗೊತ್ತಿರಬಹುದು. ಹುಡುಗಿ ಸೊಂಟ ಹಿಡಿದುಕೊಂಡು ಇಳಿದಳು.

“ಯಾಕ ಮುತ್ಯಾ, ನಾ ಏನ್ ತಪ್ಪ ಮಾಡೇನಿ?”

“ಏನೂ ಮಾಡಿಲ್ಲವಾ. ಬದನೀಕಾಯಿಗೆ ಬಾಯಿಲ್ಲ. ಹಿಂದ ಹೆಂಗ ಆಗತೈತಿ ಅಂತ ಅದು ಹೇಳಾಂಗಿಲ್ಲ. ಅದಕ್ಕ ಒಂದ್ಸಲ ನೀ ಕುಂತ ನೋಡು.”

ಅವರಿಂದ ಭಾಗಿಗೆ ಬಂದ ಇನ್ನೊಂದು ಚಟ ಎಂದರೆ ಇಳಿಜಾರು. ಟೆಂಪೋದ ಬ್ಯಾಟರಿಯ ಮೇಲೆ ಉಸ್ತಾದರಿಗೆ ನಂಬಿಕೆ ಇರಲಿಲ್ಲ. ಎಲ್ಲಿ ನಿಲ್ಲಿಸಿದರೂ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸುವುದು, ಚಕ್ರಕ್ಕೆ ಕಲ್ಲು ಕೊಡುವುದು; ಹೊರಡುವಾಗ ಕಲ್ಲು ತೆಗೆದರೆ ಗಾಡಿ ತಾನೇ ಉರುಳಿ ಚಾಲೂ ಆಗಬೇಕು. ಗೋಕಾಕದಿಂದ ಹುಕ್ಕೇರಿಯ ತನಕ ಎಲ್ಲಿ ಎಷ್ಟು ಇಳಿಜಾರಿದೆ ಎಂಬುದು ಅವರಿಗೂ ಭಾಗಿಗೂ ಬಾಯಿಪಾಠ. ಮದುವೆ ಮನೆಗೆ ಹೋದರೂ ಚಪ್ಪರ ಎಲ್ಲಿದೆ ಎಂದು ಕೇಳುವ ಮೊದಲು ಇಳಿಜಾರು ಎಲ್ಲಿದೆ ಎಂದು ಕೇಳುವವರು ಇವರಿಬ್ಬರೇ.

ಕಣ್ಣು ಮಂಜಾದಾಗ ಉಸ್ತಾದರು ಟೆಂಪೋದ ಕೀಲಿಯನ್ನು ಭಾಗಿಯ ಕೈಯಲ್ಲಿಟ್ಟರು. ಆಗ ಒಂದು ಮಾತು ತಗೊಂಡರು. ನಾನು ಅಲ್ಲೇ ಇದ್ದೆ.

“ಇದು ಮುಗದ ಮ್ಯಾಲ ಹೊಸಾದು ತಗೋತಿ. ತಗೋ. ಆದರ ಟ್ರಾಯಲ್ ನೋಡದ ಯಾವ ಗಾಡೀನೂ ಮನೀಗೆ ತರಬ್ಯಾಡ. ಆತಿಲ್ಲೋ?”

“ಆತು ಮುತ್ಯಾ. ನಿಮ್ಮಾಣಿ.”

ಘಟಪ್ರಭಾದ ಆಸ್ಪತ್ರೆಯಲ್ಲಿ ಕಡೆಯ ದಿನಗಳಲ್ಲೂ ಅವರು ಕಾಟಿನ ಕಂಬಿಗೆ ಟಕ್ ಟಕ್ ಬಾರಿಸಿದ್ದನ್ನು ನೋಡಿದ್ದೇನೆ. “ಹಾಸಿಗಿ ನಡೀತೈತಿ. ಇವರ ಚಾ ನಡ್ಯಾಂಗಿಲ್ಲ” ಎಂದು ನರ್ಸಮ್ಮನ ಎದುರಿಗೇ ಹೇಳಿದರು. ಆ ಹುಡುಗಿ ಮರುದಿನ ತನ್ನ ಮನೆಯಿಂದ ಚಹಾ ತಂದು ಕೊಟ್ಟಳು.

ಈಗ ಗಾಡಿಯ ವಿಷಯಕ್ಕೆ ಬರುತ್ತೇನೆ. ಭಾಗಿ ದಿನಾ ನಸುಕಿನಲ್ಲಿ ನಮ್ಮೂರಿನ ಹೆಣ್ಣುಮಕ್ಕಳ ಹಿತ್ತಿಲು, ತೋಟಗಳಿಂದ ಕಾಯಿಪಲ್ಯ ಎತ್ತಿಕೊಂಡು ಗೋಕಾಕ ಪೇಟೆಗೆ ಹಾಕುತ್ತಾಳೆ. ಯಕ್ಕನ ಮೆಂತೆಪಲ್ಯದ ಸಣ್ಣ ಬುಟ್ಟಿಯೂ ಅದರಲ್ಲಿ ಹೋಗುತ್ತದೆ. ಉಸ್ತಾದರ ಟೆಂಪೋ ಇತ್ತೀಚೆಗೆ ಎರಡು ದಿನ ಓಡಿದರೆ ಒಂದು ದಿನ ಮಲಗುತ್ತಿತ್ತು. ಅದು ಮಲಗಿದ ದಿನ ಮೆಂತೆಪಲ್ಯವೂ ಮಲಗುತ್ತದೆ. ಅಷ್ಟರಲ್ಲಿ ಮೂಡಲಗಿ ಕಡೆಯ ಲಾರಿಯವನೊಬ್ಬ ದೊಡ್ಡ ತೋಟದವರನ್ನು ಮಾತಾಡಿಸಲು ಶುರುಮಾಡಿದ. ಅವನು ಸಣ್ಣ ಬುಟ್ಟಿ ಮುಟ್ಟುವುದಿಲ್ಲ. ದೊಡ್ಡ ತೋಟದವರು ಅವನ ಕಡೆ ಹೋದರೆ ಬರೀ ಸಣ್ಣ ಬುಟ್ಟಿಗಳಿಂದ ಭಾಗಿಯ ಗಾಡಿ ನಡೆಯುವುದಿಲ್ಲ. ಭಾಗಿಯ ಗಾಡಿ ನಿಂತರೆ ಸಣ್ಣ ಬುಟ್ಟಿಯ ಹೆಂಗಸರು ಬುಟ್ಟಿ ತಲೆಯ ಮೇಲಿಟ್ಟುಕೊಂಡು ಬಸ್ಸಿಗೆ ಕಾಯಬೇಕು. ಅದಕ್ಕೇ ಈ ಕರೆಂಟಿನ ಟ್ರಕ್ಕು. ಅದರಲ್ಲೂ ತೊಡಕು: ಓಡಿಸಿ ನೋಡುವ ಗಾಡಿ ಶೋರೂಮಿಗೆ ಇನ್ನೂ ಬಂದಿಲ್ಲ. ಈಗಲೇ ಬುಕ್ ಮಾಡಿದವರಿಗೆ ಮೊದಲ ಸರದಿಯಲ್ಲಿ ಗಾಡಿ. ನೋಡಿ ಆಮೇಲೆ ಬರುತ್ತೇವೆ ಎನ್ನುವವರಿಗೆ ಯಾವಾಗಲೋ ಗೊತ್ತಿಲ್ಲ. ಮೊದಲ ಸರದಿಯ ಬುಕಿಂಗ್ ಶನಿವಾರ ಬಂದ್.

ಗುರುವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಪಂಚಾಯ್ತಿ ಕೂಡಿತು. ನನ್ನ ಮಗ ಗೋಡೆಗೆ ಒರಗಿ ಕುಳಿತಿದ್ದ.

“ಓಡಿಸಿ ನೋಡದ ಗಾಡಿ ತಗೊಳ್ಳೋದಂದ್ರ ಏನ್ ಭಾಗಿ? ನಡುದಾರ್ಯಾಗ ಕರೆಂಟ್ ಮುಗದ್ರ ಏನ್ ಮಾಡಾಕಿ? ಕಂಬಾ ಏರತಿ?”

“ಗೋಕಾಕಕ್ಕ ಹೋಗಿ ಬರೂದಕ್ಕ ಸಾಕಾಗಿ ಉಳೀತೈತಿ ಅಪ್ಪಾ. ಎಲ್ಲಾ ಕೇಳೇನಿ.”

“ಕೇಳಿದ್ದು ಬ್ಯಾರೆ, ನೋಡಿದ್ದು ಬ್ಯಾರೆ. ಉಸ್ತಾದ್ರು ಇದ್ದಿದ್ರ ನಿನ್ನ ಕಿವಿ ಹಿಂಡತಿದ್ರು.”

“ಎಮ್ಮಿ ಟ್ರಾಯಲ್ ನೋಡೇ ತಂದಿದ್ರಲ್ಲ ಮುತ್ಯಾ!” ಎಂದು ಸೊಸೆ ಒಳಗಿನಿಂದ ಒಗೆದಳು. ಎಲ್ಲರೂ ನಕ್ಕೆವು. ಭಾಗಿ ಮಾತ್ರ ನಗಲಿಲ್ಲ. ಮೊಣಕಾಲಿನ ಮೇಲೆ ಗದ್ದವಿಟ್ಟು, “ನಾ ಮಾತ ಕೊಟ್ಟೇನಿ ಆಯಿ” ಎಂದಳು. “ಬುಕ್ ಮಾಡಿದ್ರ ಮಾತು ಹೊಕ್ಕೈತಿ. ಮಾಡದಿದ್ರ ಧಂದೆ ಹೊಕ್ಕೈತಿ.”

ಅಷ್ಟೊತ್ತೂ ಯಕ್ಕ ಒಂದು ಮೂಲೆಯಲ್ಲಿ ಕುಳಿತು ಮೆಂತೆಪಲ್ಯದ ಸಿವುಡು ಕಟ್ಟುತ್ತಿದ್ದಳು. ತಲೆ ಎತ್ತದೆ ಕೇಳಿದಳು:

“ಏ ಭಾಗಿ, ನಿಮ್ಮ ಮುತ್ಯಾ ನನ್ನ ಟ್ರಾಯಲ್ ನೋಡಿದ್ರೇನು?”

ಇಷ್ಟು ವರ್ಷ ಗೋಡೆಯ ಈಚೆ ಬದುಕಿದ ನಾನೂ ಈ ಮಾತು ಕೇಳಿರಲಿಲ್ಲ.

“ನೋಡಿರಲಿಲ್ಲ. ಲಗ್ನದ ದಿನಾನ ನನ್ನ ಮಾರಿ ನೋಡಿದ್ದು. ನೋಡದ ಹೂಂ ಅಂದಿದ್ರು. ನಾನೂ ಒಂದ್ಸಲ ಕೇಳೀನಿ, ಚಪ್ಪಲಿಗಿ ಹೊಳೀತನಾ ಹೋಗಿ ಬರತೀರಿ, ನನ್ನ ಹೆಂಗ ನೋಡದ ಮಾಡಿಕೊಂಡ್ರಿ ಅಂತ. ಅಂದ್ರು, ‘ನಿಮ್ಮ ಮನೀ ಎತ್ತು ನೋಡಿದ್ನಿ, ಸಾಕಾತು.’”

ಹುಕ್ಕೇರಿ ಕಡೆಯ ಒಂದು ಹಳ್ಳಿ ಯಕ್ಕನ ತವರು. ಉಸ್ತಾದರಿಗೆ ಆಗ ಹರೆಯ. ಗೊಬ್ಬರ ತುಂಬಿದ ಲಾರಿ ಎರೆಮಣ್ಣಿನಲ್ಲಿ ಹೂತು, ಯಕ್ಕನ ಅಪ್ಪನ ಹೊಲದ ದಾರಿಗೆ ಅಡ್ಡಲಾಗಿ ನಿಂತುಬಿಟ್ಟಿತಂತೆ. ಅಪ್ಪ ಬೈಯುತ್ತಲೇ ಎತ್ತು ಹೊಡೆದುಕೊಂಡು ಬಂದು, ಎಳೆದು ಹಾಕಿ, ಮನೆಗೆ ಹೋದ. ಸ್ವಲ್ಪ ಮುಂದೆ ಹಳ್ಳದಲ್ಲಿ ಲಾರಿ ತಿರುಗಿ ಹೂತಿತು. ಅಲ್ಲಿ ಅದು ಯಾರ ದಾರಿಗೂ ಅಡ್ಡವಿರಲಿಲ್ಲ. ಆ ಅಪ್ಪ ಊಟಕ್ಕೆ ಕುಳಿತಿದ್ದನಂತೆ. ಸುದ್ದಿ ಕೇಳಿ ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು, ಅದೇ ಎತ್ತು ಹೊಡೆದುಕೊಂಡು ಹಳ್ಳಕ್ಕೆ ಬಂದ.

“ನಿಮ್ಮ ಮುತ್ಯಾ ಏನಂತಿದ್ರು ಗೊತ್ತೈತೇನು?” ಎಂದಳು ಯಕ್ಕ. “‘ಮೊದಲನೇ ಸಲ ನಿಮ್ಮಪ್ಪ ತನ್ನ ದಾರಿ ಬಿಡಸ್ಕೊಳ್ಳಾಕ ಬಂದಿದ್ದ. ಎರಡನೇ ಸಲ ನನ್ನ ಸಲುವಾಗಿ ಬಂದ. ಹಿಂತಾ ಮನ್ಯಾಗ ಮಗಳ ಇದ್ರ ಇನ್ನೇನ್ ನೋಡೂದೈತಿ’ ಅಂತ.” ಯಕ್ಕ ಸಿವುಡಿಗೆ ಗಂಟು ಹಾಕಿದಳು. “ನನಗ ಒಂದಿನಾನೂ ಚಲೋ ಅದಿ ಅನ್ನಲಿಲ್ಲ, ಭಾಡ್ಯಾ” ಎಂದು ನಕ್ಕಳು. ನಗುತ್ತ ಕಣ್ಣು ಒರೆಸಿಕೊಂಡಳು.

ಆದರೂ ತೀರ್ಮಾನ ಆಗಲಿಲ್ಲ. ಗಾಡಿಗೆ ಅಪ್ಪ ಎಲ್ಲಿದ್ದಾನೆ, ಎತ್ತು ಎಲ್ಲಿವೆ ಎಂದ ನನ್ನ ಮಗ. ಹೋಗಿ ಕಣ್ಣಿಂದಲಾದರೂ ನೋಡಿ ಬರೋಣ ಎಂದು ಮರುದಿನ ಹೊರಟೆವು. ಮುಂದೆ ಭಾಗಿ ಮತ್ತು ನನ್ನ ಮಗ, ಹಿಂದೆ ಖಾಲಿ ಗೋಣಿಚೀಲಗಳ ಮೇಲೆ ಯಕ್ಕ ಮತ್ತು ನಾನು. ಭಾಗಿ ಬೇಡವೆಂದಳು, ಯಕ್ಕ, “ಬದನೀಕಾಯಿ ಕುಂತು ಹೊಕ್ಕಾವು, ನಾವ್ಯಾಕ ಹೋಗಬಾರದು?” ಎಂದು ಹತ್ತಿಯೇಬಿಟ್ಟಳು.

ಶೋರೂಮು ಗಾಜಿನ ಅರಮನೆ. ಒಂದೇ ಕೊರತೆ ಎಂದರೆ ಅಲ್ಲಿ ಇಳಿಜಾರಿರಲಿಲ್ಲ. ಕನ್ನಡಿಯ ಹಾಗೆ ಸಪಾಟಾದ ಫರಸಿ. ಭಾಗಿ ರಸ್ತೆಯ ಏರಿಯ ಮೇಲೆ ನಿಲ್ಲಿಸಲು ನೋಡಿದಳು; ಕಾವಲುಗಾರ ಸೀಟಿ ಊದಿ ಅಂಗಳದ ಒಳಗೇ ನಿಲ್ಲಿಸಲು ಹಚ್ಚಿದ, ಅದೂ ಬಾಗಿಲಿನ ನೇರ ಎದುರಿಗೆ. ಹುಡುಗಿಯ ಮುಖ ಆಗಲೇ ಬಿಳಿಚಿಕೊಂಡಿತು.

ಒಳಗೆ ಟೈ ಕಟ್ಟಿದ ಹುಡುಗನೊಬ್ಬ ಬಂದು ಬೆಂಗಳೂರಿನ ಮಾತಿನಲ್ಲಿ, “ಬನ್ನಿ ಅಮ್ಮಾ, ಇದು ನೋಡೋಕೆ ಮಾತ್ರ ಇರೋ ಗಾಡಿ, ನಂಬರ್ ಇಲ್ಲ, ಓಡಿಸೋಕೆ ಆಗಲ್ಲ” ಎಂದ. ಅಲ್ಲಿ ನಿಂತಿತ್ತು ನೋಡಿ, ತಿಳಿನೀಲಿ ಬಣ್ಣದ ಟ್ರಕ್ಕು! ನಾನು ಮುಂದಿನ ಸೀಟಿನಲ್ಲಿ ಕುಳಿತೆ. ಭಾಗಿ ಸ್ಟೇರಿಂಗಿನ ಮೇಲೆ ಕೈ ಇಟ್ಟು ಕುಳಿತಳು. ಆ ಹುಡುಗಿಯ ಆಸೆ ನನಗೆ ಅವಳ ಬೆರಳುಗಳಲ್ಲೇ ಕಾಣುತ್ತಿತ್ತು. ಹಿಂದಿನಿಂದ ಟಕ್ ಟಕ್ ಸದ್ದು. ತಿರುಗಿ ನೋಡಿದರೆ ಯಕ್ಕ ಸರಕಿನ ಜಾಗದಲ್ಲಿ ಹತ್ತಿ ಕುಳಿತು ತಗಡಿಗೆ ಗಿಣ್ಣು ಬಾರಿಸುತ್ತಿದ್ದಾಳೆ.

“ಅಜ್ಜೀ, ಅಲ್ಲಿ ಹತ್ತಬಾರದು!”

“ಮೆಂತೆಪಲ್ಯ ಹತ್ತಬೌದೇನ ತಮ್ಮಾ?”

ಕಡೆಗೆ ಭಾಗಿ ಇಳಿದಳು. ಟ್ರಾಯಲ್ ಗಾಡಿ ಬಂದ ಮೇಲೆ ಬರುತ್ತೇವೆ, ಈಗ ಬುಕ್ ಮಾಡುವುದಿಲ್ಲ ಎಂದು ಹುಡುಗನಿಗೆ ಸ್ಪಷ್ಟವಾಗಿ ಹೇಳಿದಳು. ಮಾತು ಕೊಟ್ಟವಳು.

ಹೊರಗೆ ಬಂದು ಟೆಂಪೋ ಹತ್ತಿದೆವು. ಕೀಲಿ ತಿರುವಿದರೆ ಟಿಕ್ ಎಂದಿತು, ಅಷ್ಟೇ. ಗಾಜಿನ ಬಾಗಿಲಿಗೆ ಅಡ್ಡ ನಿಂತ ಟೆಂಪೋ. ಹಿಂದೆ ಗಿರಾಕಿಗಳ ಕಾರುಗಳು ಹಾರ್ನ್ ಹೊಡೆಯುತ್ತಿವೆ. ಟೈ ಹುಡುಗ ಓಡಿ ಬಂದ, ಕಾವಲುಗಾರನೂ ಬಂದ, ನನ್ನ ಮಗನೂ ಇಳಿದ. ಮೂವರೂ ನೂಕಿದರು. ಪಾಲಿಶ್ ಮಾಡಿದ ಬೂಟು ಫರಸಿಯ ಮೇಲೆ ಜಾರುತ್ತಿತ್ತು. ಆಗ ನೋಡಿ, ಹುಡುಗನ ಬಾಯಿಂದ ಬೆಂಗಳೂರು ಉದುರಿ ಬಿದ್ದು ಹುಕ್ಕೇರಿ ಹೊರಗೆ ಬಂತು.

“ಏ ಯವ್ವಾ, ಏನ್ ವಜ್ಜಿ ಐತ್ರಿ ಇದು! ಹಿಂದ ಕಲ್ಲ ತುಂಬೀರೇನ್ರಿ?”

“ನಾವ ಕುಂತೀವೋ ತಮ್ಮಾ!” ಎಂದಳು ಯಕ್ಕ, ಹಿಂದಿನಿಂದ. ಇಳಿಯಬೇಕೆಂಬುದು ನಮ್ಮಿಬ್ಬರಿಗೂ ಹೊಳೆದಿರಲೇ ಇಲ್ಲ.

ಗಾಡಿ ಚಾಲೂ ಆಯಿತು. “ಮುಂದ ಎಲ್ಯರ ನಿಂತ್ರ ಫೋನ್ ಹಚ್ಚ್ರಿ ಅಕ್ಕಾರ” ಎಂದು ಹುಡುಗ ಒಂದು ಚೀಟಿ ಕೊಟ್ಟ. ಹುಕ್ಕೇರಿಯ ದಾರಿಗೆ ಬಿದ್ದೆವು. ಒಂದು ಊರು ದಾಟುವಷ್ಟರಲ್ಲಿ ರಸ್ತೆಯ ಉಬ್ಬು ಬಂತು, ಭಾಗಿ ನಿಧಾನ ಮಾಡಿದಳು, ಟೆಂಪೋ ಕೆಮ್ಮಿ ಸುಮ್ಮನಾಯಿತು. ಎರಡೂ ಕಡೆ ಕಬ್ಬು, ನೆತ್ತಿಯ ಮೇಲೆ ಸೂರ್ಯ, ರಸ್ತೆ ರೊಟ್ಟಿ ತಟ್ಟುವ ಕಲ್ಲಿನ ಹಾಗೆ ಸಪಾಟು.

“ಹಚ್ಚ, ಫೋನ್ ಹಚ್ಚ ಆ ಟೈ ಹುಡುಗಗ” ಎಂದ ನನ್ನ ಮಗ, ಚೇಷ್ಟೆಯ ದನಿಯಲ್ಲಿ. “ಬರತಾನೇನ ನೋಡೂನು.”

“ಬುಕ್ ಮಾಡಾಂಗಿಲ್ಲ ಅಂತ ಹೇಳಿ ಬಂದೀವಿ. ಯಾವ ಮಾರಿ ಇಟಗೊಂಡು ಹಚ್ಚಲಿ ಅಪ್ಪಾ?”

ಮಗ ತಾನೇ ಹಚ್ಚಿದ. ಹುಡುಗ ಹೂಂ ಎಂದನಂತೆ. ಇವನಿಗೆ ನಂಬಿಕೆ ಇರಲಿಲ್ಲ. ಬೇವಿನ ಗಿಡದ ಕೆಳಗೆ ಟವೆಲ್ ಹಾಸಿ, “ಎಲ್ಲಾರೂ ಆರಾಮ ಮಲಕೊಳ್ರಿ, ಸಂಜೀ ಬಸ್ಸಿಗೆ ಹೋಗೂನು” ಎಂದ. ಯಕ್ಕ ಎಲೆ ಅಡಿಕೆ ತೆಗೆದಳು. ಭಾಗಿ ಬಾನೆಟ್ಟಿಗೆ ಒರಗಿ ರಸ್ತೆ ನೋಡುತ್ತ ನಿಂತಳು.

ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಳ್ಳುವಷ್ಟರಲ್ಲಿ ದೂರದಲ್ಲಿ ಒಂದು ಮೋಟರ್ ಸೈಕಲ್ ಕಂಡಿತು. ಗಾಳಿಗೆ ಟೈ ಹೆಗಲ ಮೇಲೆ ಹಾರಿ ಹಿಂದಕ್ಕೆ ಬಿದ್ದಿದೆ. ಹಿಂದೆ ಮೆಕ್ಯಾನಿಕ್ಕು, ಅವನ ತೊಡೆಯ ಮೇಲೆ ಕೂಸಿನ ಹಾಗೆ ಒಂದು ಬ್ಯಾಟರಿ. ಹುಡುಗನ ಬಾಯಿ ಇನ್ನೂ ಅಗಿಯುತ್ತಿತ್ತು.

“ಊಟಕ್ಕ ಕುಂತಿದ್ನಿರಿ, ಅದಕ್ಕ ತುಸಾ ತಡಾ ಆತು” ಎಂದ, ನುಂಗುತ್ತ.

ಯಕ್ಕ ಎದ್ದು ನಿಂತಳು. ಬಾಯಿಯ ಎಲೆಯನ್ನು ಒಂದು ಕಡೆ ಸರಿಸಿ, ನನ್ನ ತೋಳು ಗಟ್ಟಿಯಾಗಿ ಹಿಡಿದು ಕೂಗಿದಳು:

“ತಂಗೀ, ಎತ್ತು ಬಂದ್ವು!”

ಹುಡುಗ ಗಾಬರಿಯಾಗಿ ಹಿಂದೆ ತಿರುಗಿ ನೋಡಿದ. ಖಾಲಿ ರಸ್ತೆ. ಮೆಕ್ಯಾನಿಕ್ಕು ನಮ್ಮನ್ನೂ ಅವನನ್ನೂ ನೋಡಿ, ವಯರು ಹಚ್ಚುವ ಕೆಲಸ ಹಿಡಿದ.

ನನ್ನ ಮಗ ಇನ್ನೂ ಸೋಲಲು ತಯಾರಿರಲಿಲ್ಲ. ಯಕ್ಕನ ಕಿವಿಯ ಪಕ್ಕಕ್ಕೆ ಬಗ್ಗಿ, “ಗಿರಾಕಿ ಆಸೇಕ ಬಂದಾನ ದೊಡ್ಡವ್ವಾ” ಎಂದ.

“ಗಿರಾಕಿ ಆಗಾಂಗಿಲ್ಲ ಅಂತ ಹೇಳೇ ಬಂದೀವೋ ಮಬ್ಬ. ಮೊದಲನೇ ಸಲ ತನ್ನ ಬಾಗಲಾ ಬಿಡಸ್ಕೊಳ್ಳಾಕ ನೂಕಿದ. ಈಗ ಯಾರ ಬಾಗಲಾ ಐತಿಲ್ಲಿ? ಕಬ್ಬಿಂದು?”

ಮಗ ಕಬ್ಬಿನ ಕಡೆ ನೋಡಿದ. ಹುಡುಗನ ಧೂಳು ಹಿಡಿದ ಬೂಟಿನ ಕಡೆ ನೋಡಿದ. ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡ. ಅಷ್ಟರಲ್ಲಿ ಟೆಂಪೋ ಗುಡುಗಿತು.

“ದೊಡ್ಡಾಯಿ,” ಎಂದಳು ಭಾಗಿ. “ಇದು ಟ್ರಾಯಲ್ ಆತೇನು?”

“ನಿಮ್ಮ ಮುತ್ಯಾಗ ನಾ ಹೇಳತೀನಿ. ತಿರುವ ಗಾಡಿ.”

ಗಾಡಿ ತಿರುಗಿತು. ಈ ಸಲ ಭಾಗಿ ಕಾವಲುಗಾರನ ಸೀಟಿಗೆ ಕಿವಿ ಕೊಡಲಿಲ್ಲ, ಏರಿಯ ಮೇಲೆ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಒಳಗೆ ಹೋದಳು. ಹುಡುಗ ಹೆಸರು ಬರೆದುಕೊಳ್ಳುವಾಗ, ಎಲ್ಲ ಸರಿ, ಆ ಎತ್ತಿನ ಮಾತು ಏನು ಎಂದು ಭಾಗಿಯನ್ನು ಕೇಳಿದ. ಗಾಡಿ ಬಂದ ದಿನ ಊಟಕ್ಕೆ ಬಾ, ಹೇಳುತ್ತೇವೆ ಎಂದೆ ನಾನು. ಊಟ ಅರ್ಧಕ್ಕೆ ಬಿಟ್ಟು ಬಂದವನಿಗೆ ಅಷ್ಟೂ ಕೊಡದಿದ್ದರೆ ಹೇಗೆ?

ಬರುವಾಗ ಘಟಪ್ರಭಾದಲ್ಲಿ ಯಕ್ಕ ಟೆಂಪೋ ನಿಲ್ಲಿಸಿದಳು. ಮೊದಲು ಸಿಕ್ಕ ಅಂಗಡಿಗೆ ಹೋಗಿ, ಚೂರೂ ತಿಂದು ನೋಡದೆ, ಕರದಂಟು ಕಟ್ಟಿಸಿಕೊಂಡು ಬಂದಳು.

ಸಂಜೆ ನಮ್ಮ ಪಡಸಾಲೆಯಲ್ಲಿ ಎಲ್ಲರೂ ಸುತ್ತಲೂ ಕುಳಿತೆವು. ಯಕ್ಕನೂ ಗೋಡೆ ಬಳಸಿ ಬಂದಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೆಂತೆಪಲ್ಯದ ಪಚಡಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನನ್ನ ಮಗ ಎಣ್ಣೆಗಾಯಿಗೆ ಟಕ್ ಟಕ್ ಎಂದು ಬೆರಳು ಬಾರಿಸಿ, ಕಣ್ಣು ಮುಚ್ಚಿ, “ಹೂಂ, ನಡೀತೈತಿ” ಎಂದ. ಸೊಸೆ ಸೌಟು ಎತ್ತಿದಳು. ನಕ್ಕು ನಕ್ಕು ಭಾಗಿಗೆ ನೆತ್ತಿ ಹತ್ತಿತು, ನಾನು ಅವಳ ತಲೆ ತಟ್ಟಿದೆ, ಅವಳು ನನ್ನ ತೊಡೆಯ ಮೇಲೆ ತಲೆ ಇಟ್ಟು ಇನ್ನಷ್ಟು ನಕ್ಕಳು.

ಕಡೆಗೆ ಯಕ್ಕ ಕರದಂಟಿನ ಪೊಟ್ಟಣ ಬಿಚ್ಚಿದಳು. ಒಂದು ತುಂಡು ಎತ್ತಿ ಗಿಣ್ಣಿನಿಂದ ಮೆಲ್ಲಗೆ ಬಾರಿಸಿದಳು. ಬಾಯಿಗಿಟ್ಟು ಕಣ್ಣು ಮುಚ್ಚಿದಳು. ನಾವೆಲ್ಲ ಅಗಿಯುವುದನ್ನು ನಿಲ್ಲಿಸಿ ಆಕೆಯ ಮುಖ ನೋಡಿದೆವು. ಆಕೆ ಅವಸರ ಮಾಡಲಿಲ್ಲ.

“ಚಲೋ ಐತಿ” ಎಂದಳು ಯಕ್ಕ. “ಭಾಳ ಚಲೋ ಐತಿ. ತಗೊಳ್ರಿ, ಎಲ್ಲಾರೂ ತಿನ್ರಿ.”